ಹುಸಿನೊಣದ ಗಾಳ: ಹೊಸಬರು ಕೊಳ್ಳತಕ್ಕ ಸಾಮಗ್ರಿ

ಕೆರೆಯ ದಡದ ಸಂಜೆಗಳ ವಿಷಯವಾಗಿ ನಾವು ಹಿಂದೊಮ್ಮೆ ಇದೇ ಪುಟದಲ್ಲಿ ಬರೆದದ್ದನ್ನು ನೆನಪಿನಲ್ಲಿಟ್ಟುಕೊಂಡು, ನೆಲಮಂಗಲದ ಕಡೆಯ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮಗನಿಗೆ ಹದಿನೈದು ವರ್ಷ. ನೊಣದಂತೆ ಕಟ್ಟಿದ ಗಾಳದಿಂದ ಮೀನು ಹಿಡಿಯುವುದನ್ನು ಆ ಹುಡುಗನು ಎಲ್ಲಿಯೋ ಚಲಚ್ಚಿತ್ರದಲ್ಲಿ ಕಂಡು, ತಾನೂ ಅದನ್ನು ಕಲಿಯಬೇಕೆಂದು ಹಟ ಹಿಡಿದಿರುವನಂತೆ. ಅಂಗಡಿಯ ಪಟ್ಟಿಯನ್ನು ನೋಡಿದರೆ ಅಂಕೆಗಳೂ ಅಕ್ಷರಗಳೂ ತುಂಬಿರುವುವೇ ಹೊರತು ಅರ್ಥವೊಂದೂ ಆಗುವುದಿಲ್ಲ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಸಬೇಕಾಗಿ ಕೇಳಿರುವರು. ಕೊನೆಯಲ್ಲಿ, “ಸಂಸ್ಕೃತ ಕಲಿಸಿದ ಮೇಷ್ಟ್ರಿಗೆ ಈ ಹಿಂಸೆಯ ಗೊಡವೆ ಏಕೆ?” ಎಂದು ಒಂದು ಮಾತನ್ನೂ ಸೇರಿಸಿರುವರು. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಅಷ್ಟು ಸುಲಭವಲ್ಲ. ಆದರೂ ಎರಡಕ್ಕೂ ಉತ್ತರ ಹೇಳುವುದು ನಮ್ಮ ಕರ್ತವ್ಯವಾಗಿದೆ.

ಗಾಳದ ವಿದ್ಯೆಯು ನಮ್ಮ ನಾಡಿಗೆ ಹೊಸದೆಂದು ಯಾರೂ ತಿಳಿಯಬಾರದು. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೩೦ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಮಹಾಗ್ರಂಥದಲ್ಲಿ ನೂರು ಅಧ್ಯಾಯಗಳುಂಟು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಅದರ ಮತ್ತೊಂದು ಹೆಸರು. ಅರಸರ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ವೆಂಬುದೂ ಒಂದು. ಮೀನುಗಳ ಜಾತಿಭೇದ, ಅವುಗಳಿಗೆ ಮೇವು ಹಾಕಿ ಒಂದೆಡೆಗೆ ರೂಢಿಮಾಡಿಸುವ ಕ್ರಮ, ಕೋಲು, ದಾರ, ಕೊಕ್ಕೆ, ಇವೆಲ್ಲವನ್ನೂ ಆ ದೊರೆಯು ವಿವರಿಸಿರುವನು. ಕೊಕ್ಕೆಗೆ ‘ಬಡಿಶ’ವೆಂಬ ಹೆಸರು ಅಮರಕೋಶವನ್ನು ಓದಿದ ಹುಡುಗರಿಗೆಲ್ಲ ಗೊತ್ತಿರತಕ್ಕದ್ದೇ. ಆದರೆ ಸೋಮೇಶ್ವರನು ಹೇಳುವುದು ಮೇವಿನ ಗಾಳವನ್ನು. ಉಣ್ಣೆಯನ್ನೂ ಹಕ್ಕಿಯ ಗರಿಯನ್ನೂ ಕೊಕ್ಕೆಗೆ ಸುತ್ತಿ, ಅದನ್ನು ಹುಳುವೆಂದು ಮೀನಿಗೆ ಭ್ರಮೆ ಹುಟ್ಟಿಸುವ ಕ್ರಮವನ್ನು ಕ್ರಿ. ಶ. ೨೦೦ರ ಸುಮಾರಿಗೆ ಏಲಿಯನ್ ಎಂಬ ರೋಮಕ ಗ್ರಂಥಕರ್ತನು ವರ್ಣಿಸಿರುವನು. ಮ್ಯಾಸಿಡೋನಿಯ ದೇಶದ ಜನರು ಕೆಂಪು ಉಣ್ಣೆಯನ್ನೂ ಹುಂಜದ ಎರಡು ಗರಿಗಳನ್ನೂ ಕೊಕ್ಕೆಗೆ ಕಟ್ಟುತ್ತಿದ್ದರೆಂದು ಅವನ ಹೇಳಿಕೆ. ಈ ಹುಸಿನೊಣವೇ ಪಾಶ್ಚಾತ್ಯರು ‘ಫ್ಲೈ’ ಎನ್ನುವ ವಸ್ತು.

ಸಾಮಗ್ರಿಯ ವಿಚಾರಕ್ಕೆ ಹೋಗುವ ಮುನ್ನ ತತ್ತ್ವವನ್ನು ತಿಳಿಯಬೇಕು; ತತ್ತ್ವ ತಿಳಿಯದೆ ಕೊಂಡವನು ಕಾಸು ಕಳೆದುಕೊಳ್ಳುವನು. ನಮ್ಮ ಕೆರೆಗಳ ದಡದಲ್ಲಿ ಹುಡುಗರು ಬಳಸುವ ಗಾಳಕ್ಕೆ ಸೀಸದ ಗುಂಡು ಇರುವುದು. ಗುಂಡನ್ನು ಎಸೆದರೆ ಅದು ತೆಳುವಾದ ದಾರವನ್ನು ತನ್ನ ಹಿಂದೆ ಎಳೆದುಕೊಂಡು ಹೋಗುವುದು. ಹುಸಿನೊಣಕ್ಕಾದರೋ ತೂಕವೇ ಇಲ್ಲ. ಗರಿಯನ್ನು ದೂರಕ್ಕೆ ಎಸೆಯಬಲ್ಲವರಾರು? ಆದಕಾರಣ ಇಲ್ಲಿ ತೂಕವು ದಾರದಲ್ಲಿಯೇ ಇರುವುದು. ಎತ್ತಿನ ಗಾಡಿಯವನು ಬಾರುಕೋಲನ್ನು ಬೀಸುವಾಗ ಬಾರು ಮೊದಲು ಹಿಂದಕ್ಕೆ ನೀಳವಾಗಿ ಚಾಚಿ, ಅನಂತರ ಮುಂದಕ್ಕೆ ಸುರುಳಿ ಬಿಚ್ಚಿಕೊಳ್ಳುವುದನ್ನು ನೋಡಿರುವಿರಷ್ಟೆ? ಇದೂ ಹಾಗೆಯೇ. ಕೋಲು ಬಾಗಿ ನೆಟ್ಟಗಾಗುವ ಬಲದಿಂದ ದಾರವು ಸುರುಳಿಯಾಗಿ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಅದರ ತುದಿಯ ಹುಸಿನೊಣವು ಸದ್ದಿಲ್ಲದೆ ನೀರಿನ ಮೇಲೆ ಇಳಿಯುತ್ತದೆ. ಇದರಿಂದ ಒಂದು ನಿಯಮವು ತಾನಾಗಿ ಸಿದ್ಧವಾಗುವುದು: ಕೋಲಿನ ಬಿಗುವಿಗೂ ದಾರದ ತೂಕಕ್ಕೂ ಹೊಂದಿಕೆ ಇರಲೇಬೇಕು.

ಈ ಹೊಂದಿಕೆಗಾಗಿಯೇ ಪಟ್ಟಿಯಲ್ಲಿ ಅಂಕೆಗಳನ್ನು ಕೊಟ್ಟಿರುವುದು. ದಾರದ ಮೊದಲ ಮೂವತ್ತು ಅಡಿಯ ತೂಕವನ್ನು ನೋಡಿ ಅದಕ್ಕೆ ಸಂಖ್ಯೆ ಕೊಡುವರು. ೫ನೆಯ ಸಂಖ್ಯೆಯದು ಸುಮಾರು ೯ ಗ್ರಾಂ, ೬ನೆಯದು ೧೦.೪ ಗ್ರಾಂ, ಎಂದರೆ ಒಂದು ತೊಲಕ್ಕೆ ಸ್ವಲ್ಪ ಕಡಮೆ, ೮ನೆಯದು ೧೩.೬ ಗ್ರಾಂ. ಕೋಲಿನ ಹಿಡಿಯ ಬಳಿ ಯಾವ ಸಂಖ್ಯೆ ಬರೆದಿರುವುದೋ ಆ ಸಂಖ್ಯೆಯ ದಾರವನ್ನೇ ಅದಕ್ಕೆ ಹಾಕತಕ್ಕದ್ದು. ಇಷ್ಟನ್ನು ತಿಳಿದವನಿಗೆ ಪಟ್ಟಿಯ ಅರ್ಧ ಗೂಢವು ಬಿಡಿಸಿತು.

ಇದನ್ನು ನಾವು ತಿಳಿದದ್ದು ದಂಡ ತೆತ್ತು. ನಿವೃತ್ತರಾದ ಮೇಲೆ, ಹಿಂದೆ ನಮ್ಮ ಕೈಕೆಳಗೆ ಓದಿ ಈಗ ಸೋಂಪುರದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ಶಿಷ್ಯನೊಬ್ಬನು ನಮಗೆ ಈ ಹವ್ಯಾಸವನ್ನು ತೋರಿಸಿಕೊಟ್ಟನು. ಅವನು ಜೊತೆಗೆ ಬರುತ್ತೇನೆಂದರೂ ಕೇಳದೆ, ಶಬ್ದರೂಪಗಳನ್ನು ಮೂವತ್ತು ವರ್ಷ ಕಂಠಪಾಠ ಮಾಡಿಸಿದ ನಮಗೆ ನಾಲ್ಕು ಅಂಕೆಗಳು ಯಾವ ಲೆಕ್ಕವೆಂದು ಒಬ್ಬರೇ ಬೆಂಗಳೂರಿಗೆ ಹೋದೆವು. ದೊಡ್ಡ ಮೀನಿಗೆ ದೊಡ್ಡ ಕೋಲೇ ಸರಿಯೆಂದು ೮ನೆಯ ಸಂಖ್ಯೆಯ ಕೋಲನ್ನೂ, ಬೆಲೆ ಕಡಮೆಯೆಂದು ೫ನೆಯ ಸಂಖ್ಯೆಯ ದಾರವನ್ನೂ, ಹೊಳಪಿಗೆ ಮರುಳಾಗಿ ದುಬಾರಿ ರೀಲನ್ನೂ ತಂದೆವು. ಒಂದು ತಿಂಗಳ ಪಿಂಚಣಿಯಲ್ಲಿ ಅರ್ಧ ಅದಕ್ಕೇ ಹೋಯಿತು. ದಾರ ಹಗುರವಾದ್ದರಿಂದ ಕೋಲು ಬಾಗಲೇ ಇಲ್ಲ. ಕೋಲು ಬಾಗದ್ದರಿಂದ ನಾವು ತೋಳಿನ ಬಲದಿಂದ ಬೀಸಿದೆವು. ಬೀಸಿದ್ದರ ಫಲವಾಗಿ ಹದಿನೈದು ದಿನ ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡೆವು. ಮನೆಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಗೃಹಿಣಿಯು ಆ ಮೊತ್ತವನ್ನು ‘ಔಷಧ’ವೆಂಬ ಶೀರ್ಷಿಕೆಯ ಕೆಳಗೆ ಬರೆದಿಟ್ಟಿರುವಳು. ಶಿಷ್ಯನು ಬಂದು ನೋಡಿ, “ಮೇಷ್ಟ್ರೇ, ವಿಶೇಷಣಕ್ಕೂ ವಿಶೇಷ್ಯಕ್ಕೂ ವಿಭಕ್ತಿ ಒಂದೇ ಇರಬೇಕು ಅಂತ ನೀವೇ ಹೊಡೆದು ಹೇಳಿಕೊಟ್ಟಿದ್ದು,” ಎಂದನು. ನಮಗೆ ನಾಚಿಕೆಯಾಯಿತು.

ಆದ್ದರಿಂದ ಪತ್ರ ಬರೆದವರಿಗೆ ನಮ್ಮ ಸಲಹೆ ಇದು. ನಮ್ಮ ಕಡೆಯ ಕೆರೆಗಳಲ್ಲಿ ಕಲಿಯುವವನಿಗೆ ೬ನೆಯ ಸಂಖ್ಯೆಯ, ಒಂಬತ್ತು ಅಡಿ ಉದ್ದದ ಕೋಲು ಸಾಕು. ಜಿಲೇಬಿ ಮೀನಿಗೂ ಸಣ್ಣ ಗೆಂಡೆಗೂ ಅದು ಒದಗುವುದು. ೩, ೪ರ ಕೋಲುಗಳು ಆಷಾಢದ ಗಾಳಿಗೆ ನಿಲ್ಲಲಾರವು. ೮ರದು ಹೊಸಬನ ಕೈಗೆ ಭಾರ. ಹಿಂದೆ ಬಿದಿರನ್ನು ಆರು ಸೀಳಾಗಿ ಸೀಳಿ ಅಂಟಿಸಿ ಕೋಲು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ಬಿದಿರೇ ‘ಕಲ್ಕತ್ತಾ ಕೇನ್’ ಎಂಬ ಹೆಸರಿನಿಂದ ಇದಕ್ಕಾಗಿ ಹಡಗು ಹತ್ತಿ ಹೋಗುತ್ತಿತ್ತು. ಈಗ ಇಂಗಾಲದ ನಾರಿನ ಕೋಲುಗಳೇ ಹೆಚ್ಚು. ಅವುಗಳಲ್ಲಿ ಅತಿ ಬಿಗುವಾದುದನ್ನು ಆರಿಸಬಾರದು. ಮಧ್ಯಮವಾಗಿ ಬಾಗುವುದು ಹೊಸಬನ ತಪ್ಪುಗಳನ್ನು ಸಹಿಸಿಕೊಳ್ಳುವುದು. ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುವುದಾದರೆ ಬಸ್ಸಿನಲ್ಲಿ ಪಕ್ಕದವರ ಕಣ್ಣಿಗೆ ಚುಚ್ಚುವ ಭಯವಿಲ್ಲ.

ದಾರವನ್ನು ಕೊಳ್ಳುವಾಗ ಅದರ ಪೆಟ್ಟಿಗೆಯ ಮೇಲೆ ‘ಡಬ್ಲ್ಯು ಎಫ್ – ೬ – ಎಫ್’ ಎಂದಿರುವುದನ್ನು ನೋಡಿ ತೆಗೆದುಕೊಳ್ಳತಕ್ಕದ್ದು. ಮೊದಲ ಎರಡು ಅಕ್ಷರಗಳಿಗೆ ತೂಕವು ಮುಂಭಾಗದಲ್ಲಿದೆಯೆಂದೂ, ಕೊನೆಯದಕ್ಕೆ ತೇಲುವುದೆಂದೂ ಅರ್ಥ. ಮುಳುಗುವ ದಾರವು ಹೊಸಬನಿಗೆ ಬೇಡ. ನಾವು ಹಣವನ್ನು ಉಳಿಸಬಾರದ ಸ್ಥಾನ ಇದೊಂದೇ. ಸಾಧಾರಣ ಕೋಲಿಗೆ ಒಳ್ಳೆಯ ದಾರ ಹಾಕಿದರೆ ಕೆಲಸ ನಡೆಯುವುದು, ಒಳ್ಳೆಯ ಕೋಲಿಗೆ ಕೆಟ್ಟ ದಾರ ಹಾಕಿದರೆ ನಡೆಯದು. ಹಿಂದಿನ ಕಾಲದ ರೇಷ್ಮೆಯ ದಾರಕ್ಕೆ ಜಿಡ್ಡು ಸವರಿ ತೇಲಿಸುತ್ತಿದ್ದರು. ಈಗಿನದಕ್ಕೆ ಪ್ಲಾಸ್ಟಿಕ್ಕಿನ ಲೇಪವುಂಟು. ಆಗಾಗ ಸೋಪಿನ ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರಸಿ, ಬಿಸಿಲಿಗೆ ಬಿಡದೆ ಇಟ್ಟರೆ ಹಲವು ವರ್ಷ ಬಾಳುವುದು. ರೀಲಿನ ಕೆಲಸವಾದರೋ ದಾರವನ್ನು ಸುತ್ತಿಟ್ಟುಕೊಳ್ಳುವುದೇ ಮುಖ್ಯ. ಸಣ್ಣ ಮೀನು ಹಿಡಿಯುವವನಿಗೆ ಸಾದಾ ರೀಲು ಸಾಕು; ಹೊಳಪಿಗೆ ಕಾಸು ಕೊಡಬೇಡಿರಿ.

ದಾರದ ತುದಿಗೆ ಒಂಬತ್ತು ಅಡಿಯ, ತುದಿತುದಿಗೆ ತೆಳುವಾಗುತ್ತ ಹೋಗುವ ಪಾರದರ್ಶಕ ಎಳೆಯನ್ನು ಕಟ್ಟುವರು. ಇದು ಲೀಡರ್. ಅದರ ತುದಿಯ ತೆಳು ಭಾಗ ಟಿಪೆಟ್. ಇಲ್ಲಿ ಅಂಕೆಗಳು ತಲೆಕೆಳಗಾಗುವುದರಿಂದ ಹೊಸಬರು ತಪ್ಪುವರು. ನಮ್ಮ ನೆರೆಯ ದೊಡ್ಡಬಳ್ಳಾಪುರದ ಮಗ್ಗದವರಿಗೆ ಮಾತ್ರ ಇದು ಕೂಡಲೇ ಅರ್ಥವಾದೀತು. ರೇಷ್ಮೆಯಲ್ಲಿ ಡೆನಿಯರ್ ಹೆಚ್ಚಾದಷ್ಟೂ ಎಳೆ ದಪ್ಪ. ಹತ್ತಿಯ ನೂಲಿನಲ್ಲಿ ಕೌಂಟು ಹೆಚ್ಚಾದಷ್ಟೂ ಎಳೆ ಸಣ್ಣ. ಕೋಲು, ದಾರಗಳ ಸಂಖ್ಯೆಯು ರೇಷ್ಮೆಯಂತೆ. ಟಿಪೆಟ್ಟಿನ ಸಂಖ್ಯೆಯೂ ಕೊಕ್ಕೆಯ ಸಂಖ್ಯೆಯೂ ಹತ್ತಿಯ ನೂಲಿನಂತೆ. ಹನ್ನೊಂದರಿಂದ ಟಿಪೆಟ್ಟಿನ ಸಂಖ್ಯೆಯನ್ನು ಕಳೆದರೆ ಉಳಿದದ್ದು, ಎಳೆಯ ದಪ್ಪವು ಅಂಗುಲದ ಸಾವಿರದಲ್ಲಿ ಎಷ್ಟು ಪಾಲೆಂಬುದನ್ನು ಹೇಳುವುದು: ‘೩ ಎಕ್ಸ್’ ಎಂದರೆ ಎಂಟು ಪಾಲು, ‘೫ ಎಕ್ಸ್’ ಎಂದರೆ ಆರು ಪಾಲು. ಕೊಕ್ಕೆಯ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ತಕ್ಕ ಟಿಪೆಟ್ಟು ಸಿಕ್ಕುವುದು. ೧೨ನೆಯ ಕೊಕ್ಕೆಗೆ ೪ ಎಕ್ಸ್. ನೈಲಾನ್ ಬರುವುದಕ್ಕೆ ಮುಂಚೆ ಈ ಎಳೆಯನ್ನು ರೇಷ್ಮೆಹುಳುವಿನ ಗ್ರಂಥಿಯಿಂದಲೇ ಎಳೆದು ತೆಗೆಯುತ್ತಿದ್ದರು. ಸ್ಪೇನ್ ದೇಶದ ಮೂರ್ಸಿಯ ಪ್ರಾಂತವು ಅದಕ್ಕೆ ಹೆಸರಾಗಿತ್ತು. ಗೂಡು ಕಟ್ಟಬೇಕಾದ ಹುಳು ಗಾಳದ ಎಳೆಯಾಗುತ್ತಿತ್ತೆಂಬುದನ್ನು ರೇಷ್ಮೆ ಸಾಕುವ ನಮ್ಮ ರೈತರು ಕೇಳಿದರೆ ಬೆರಗಾಗುವರು.

ಹುಸಿನೊಣಗಳನ್ನು ಡಜನ್ನುಗಟ್ಟಲೆ ಕೊಳ್ಳಬೇಡಿರಿ. ನೀರಿನ ಮೇಲೆ ತೇಲುವುದೆರಡು, ಮುಳುಗುವುದೆರಡು, ಬಾಲವುಳ್ಳ ಕಪ್ಪು ಉಣ್ಣೆಯ ‘ವೂಲಿ ಬಗ್ಗರ್’ ಎರಡು, ಇಷ್ಟು ಸಾಕು. ೮ರಿಂದ ೧೨ರ ವರೆಗಿನ ಸಂಖ್ಯೆಯ ಕೊಕ್ಕೆಗಳಾಗಿರಲಿ. ಎಳೆ ಕತ್ತರಿಸಲು ಉಗುರು ಕತ್ತರಿಸುವ ಯಂತ್ರ. ಕೊಕ್ಕೆ ಬಿಡಿಸಲು ಔಷಧದಂಗಡಿಯಲ್ಲಿ ಸಿಕ್ಕುವ ಕಚ್ಚುವ ಚಿಮಟ. ಎಲ್ಲವನ್ನೂ ಹಾಕಿಕೊಳ್ಳಲು ಬಟ್ಟೆಯ ಜೋಳಿಗೆ. ಹನ್ನೆರಡು ಜೇಬಿನ ಅಂಗಿಯೂ ಸೊಂಟದವರೆಗಿನ ರಬ್ಬರಿನ ಕಾಲುಚೀಲವೂ ನಮ್ಮ ಕೆರೆಗಳಿಗೆ ಬೇಡ. ದಡದ ಮೇಲೆಯೇ ನಿಲ್ಲಿರಿ, ಹೂಳಿನ ಕೆರೆಗೆ ಇಳಿಯಬೇಡಿರಿ.

ಇನ್ನು ಪಟ್ಟಿಯ ಕೊನೆಯಲ್ಲಿ ಅಂಗಡಿಯವರು ಹಾಕುವ, ನಾವು ಎಲ್ಲಕ್ಕಿಂತ ಮೊದಲು ಹಾಕುವ ವಸ್ತುವೊಂದುಂಟು. ಅದು ಕನ್ನಡಕ. ಇದರ ಕಾರಣವನ್ನು ಹೇಳುವುದು ನಮಗೆ ಸುಖವಲ್ಲ. ಆದರೂ ಹೇಳದಿರುವುದು ತಪ್ಪು.

ನಮ್ಮ ಮೊಮ್ಮಗನಿಗೆ ಹನ್ನೊಂದು ವರ್ಷ. ರಜೆಗೆ ಬಂದವನು ಒಂದು ಸಂಜೆ ನಮ್ಮೊಡನೆ ಕೆರೆಗೆ ಬಂದನು. ಶಿವಗಂಗೆಯ ಬೆಟ್ಟದ ಕಡೆಯಿಂದ ಗಾಳಿ ಬಲವಾಗಿ ಬೀಸುತ್ತಿತ್ತು, ಅದೂ ನಮ್ಮ ಬಲಗೈಯ ಪಕ್ಕದಿಂದ. ಹಾಗೆ ಬೀಸಿದಾಗ ದಾರವು ಎಸೆಯುವವನ ಮೈಮೇಲೆಯೇ ಬರುವುದೆಂದು ಶಿಷ್ಯನು ಮೊದಲೇ ಎಚ್ಚರಿಸಿದ್ದನು. ಹುಡುಗನು ನಮ್ಮ ಎಡಗಡೆ, ಎರಡು ಮಾರು ಹಿಂದೆ ನಿಂತಿದ್ದನು. ನಾವು ತಿರುಗಿ ನೋಡಲಿಲ್ಲ. ದಾರವು ಹಿಂದಕ್ಕೆ ಹೋಯಿತು, ಮುಂದಕ್ಕೆ ಬರಲಿಲ್ಲ. “ತಾತ” ಎಂದು ಒಂದೇ ಮಾತು ಕೇಳಿಸಿತು. ಕೊಕ್ಕೆಯು ಅವನ ಹುಬ್ಬಿನಲ್ಲಿ ನೆಟ್ಟಿತ್ತು. ಕಣ್ಣಿಗೂ ಅದಕ್ಕೂ ಅರ್ಧ ಅಂಗುಲದ ಅಂತರ. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ನಾವು ಚಪ್ಪಟೆ ಮಾಡಿರಲಿಲ್ಲ; ಮೀನು ತಪ್ಪಿಸಿಕೊಂಡೀತೆಂಬ ಆಸೆ. ಆ ಹಿಮ್ಮುಳ್ಳಿನಿಂದಾಗಿ ಅದು ಬಿಡಿಸಿಕೊಳ್ಳದು, ಎಳೆದರೆ ಮಾಂಸವೇ ಹರಿಯುವುದು. ಎಳೆಯನ್ನು ಕತ್ತರಿಸಿ, ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಕೊಕ್ಕೆಯ ತುದಿಯನ್ನು ಮುಂದಕ್ಕೆ ತೂರಿಸಿ ಹೊರಗೆ ತಂದು, ಹಿಮ್ಮುಳ್ಳನ್ನು ಕತ್ತರಿಸಿ ಉಳಿದುದನ್ನು ಹಿಂದಕ್ಕೆ ತೆಗೆದರು. ಧನುರ್ವಾಯುವಿನ ಸೂಜಿಯನ್ನೂ ಹಾಕಿದರು. ಗಾಯವು ವಾರದಲ್ಲಿ ಮಾಯಿತು. ಅವನ ತಾಯಿಗೆ ಏನು ಹೇಳಬೇಕೆಂದು ಆ ರಾತ್ರಿಯೆಲ್ಲ ಯೋಚಿಸಿದ ನಮ್ಮ ಮನಸ್ಸು ಅಷ್ಟು ಬೇಗ ಮಾಯಲಿಲ್ಲ. ಗೃಹಿಣಿಯು ಒಂದು ಮಾತೂ ಆಡಲಿಲ್ಲ. ಕೋಲನ್ನು ತೆಗೆದು ಅಟ್ಟದ ಮೇಲೆ ಇಟ್ಟಳು. ಅದು ಎಂಟು ತಿಂಗಳು ಅಲ್ಲಿಯೇ ಇತ್ತು.

ಆದುದರಿಂದ ವಾಚಕರು ಇದನ್ನು ಬರೆದಿಟ್ಟುಕೊಳ್ಳಲಿ. ಎಸೆಯುವವನಿಗೂ ಪಕ್ಕದಲ್ಲಿ ನಿಲ್ಲುವವನಿಗೂ ಕನ್ನಡಕ ಬೇಕು. ನೀರಿನ ಥಳಕನ್ನು ಕಡಿಮೆ ಮಾಡುವ ಪೋಲರಾಯ್ಡ್ ಗಾಜಿನದಾದರೆ ಮೀನೂ ಕಾಣುವುದು. ಅಂಚುಳ್ಳ ಟೋಪಿ ಬೇಕು. ಪ್ರತಿಯೊಂದು ಕೊಕ್ಕೆಯ ಹಿಮ್ಮುಳ್ಳನ್ನೂ ಮನೆಯಲ್ಲಿಯೇ ಚಿಮಟದಿಂದ ಒತ್ತಿ ಚಪ್ಪಟೆ ಮಾಡತಕ್ಕದ್ದು. ಎಸೆಯುವುದಕ್ಕೆ ಮುಂಚೆ ಪ್ರತಿಸಲವೂ ಹಿಂದಕ್ಕೆ ನೋಡತಕ್ಕದ್ದು. ಕಣ್ಣಿನ ಹತ್ತಿರ ಕೊಕ್ಕೆ ನೆಟ್ಟರೆ ಮನೆಯ ಚಿಕಿತ್ಸೆ ಮಾಡದೆ ವೈದ್ಯರಲ್ಲಿಗೇ ಹೋಗತಕ್ಕದ್ದು.

ಕೊಂಡದ್ದಾಯಿತು, ಕೂಡಲೇ ನೀರಿಗೆ ಓಡಬೇಡಿರಿ. ಶಾಲೆಯ ಮೈದಾನದ ಹುಲ್ಲಿನ ಮೇಲೆ, ಕೊಕ್ಕೆಯ ಬದಲು ಕೆಂಪು ಉಣ್ಣೆಯ ತುಣುಕನ್ನು ಕಟ್ಟಿ, ದಿನಕ್ಕೆ ಕಾಲು ಗಂಟೆಯಂತೆ ಒಂದು ತಿಂಗಳು ಅಭ್ಯಾಸ ಮಾಡಿರಿ. ದಾರವು ಹಿಂದೆ ಪೂರ್ಣವಾಗಿ ಚಾಚುವವರೆಗೆ ಕಾಯುವುದೇ ಈ ವಿದ್ಯೆಯ ರಹಸ್ಯ. ಅವಸರಪಟ್ಟವನ ದಾರವು ಚಾಟಿಯಂತೆ ಚಟೀರೆನ್ನುವುದು. ಗಂಟುಗಳಲ್ಲಿ ಮೂರನ್ನು ಕಲಿತರೆ ಸಾಕು: ರೀಲಿಗೆ ದಾರ ಕಟ್ಟುವುದು, ಎಳೆಗೆ ಎಳೆ ಸೇರಿಸುವುದು, ಎಳೆಗೆ ಕೊಕ್ಕೆ ಕಟ್ಟುವುದು. ಬಿಗಿಯುವ ಮುನ್ನ ಗಂಟನ್ನು ಒದ್ದೆ ಮಾಡಿರಿ. ಒಣ ಗಂಟು ಕಾವೇರಿ ಸವೆದು ಹರಿಯುವುದು.

ಎಲ್ಲಿ ಹಿಡಿಯಬೇಕು? ಕೆರೆಯು ಊರಿನದಾದರೂ ಮೀನು ಊರಿನದಲ್ಲ. ಬಹುತೇಕ ಕೆರೆಗಳ ಮೀನುಪಾಶುವಾರು ಹಕ್ಕನ್ನು ಹರಾಜಿನಲ್ಲಿಯೋ ಗುತ್ತಿಗೆಯಲ್ಲಿಯೋ ಕೊಟ್ಟಿರುವರು. ಅದನ್ನು ಪಡೆದವರು ಮರಿಗಳನ್ನು ಕೊಂಡು ಬಿಟ್ಟಿರುವರು. ಅದು ಅವರ ಜೀವನೋಪಾಯ. ಅವರ ಅಪ್ಪಣೆ ಪಡೆಯದೆ ಗಾಳ ಹಾಕುವುದು ಕಳವಿಗೆ ಸಮ. ಮಹಶೀರ್ ಮೀನಿನ ಕನಸನ್ನು ಹೊಸಬರು ಕಾಣುವುದು ಬೇಡ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ೧೮೭೩ರಲ್ಲಿ ಬರೆದ ಪುಸ್ತಕದಿಂದ ಇದರ ಕೀರ್ತಿ ಹಬ್ಬಿತು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಮಹಶೀರನ್ನು ಹಿಡಿದರು. ಈಗ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ. ೨೦೧೮ರಲ್ಲಿ ವಿಜ್ಞಾನಿಗಳು ಅದರ ಶಾಸ್ತ್ರೀಯ ನಾಮವನ್ನು ‘ಟಾರ್ ರೆಮಾದೇವಿ’ ಎಂದು ನಿರ್ಣಯಿಸಿದರು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಬಂದ ವರ್ಷವೇ ಅಳಿವಿನ ಸೂಚನೆಯೂ ಬಂದದ್ದು ವಿಷಾದಕರ. ವನ್ಯಧಾಮದೊಳಗಿನ ನೀರಿನಲ್ಲಿ ಗಾಳ ಹಾಕುವ ಮಾತನ್ನೇ ಎತ್ತಬಾರದು.

ಇನ್ನು ಎರಡನೆಯ ಪ್ರಶ್ನೆ. ನಾವು ಮೀನನ್ನು ತಿನ್ನುವವರಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲಿನಲ್ಲಿ ಕುಳಿತು ಮೀನುಗಳಿಗೆ ಪುರಿ ಹಾಕಿದವರು. ಅದೇ ಕೈಯಿಂದ ಗಾಳ ಹಾಕುವುದು ಸರಿಯೇ ಎಂದರೆ, ಸರಿಯೆಂದು ಸಾಧಿಸಲು ನಮ್ಮಲ್ಲಿ ಯುಕ್ತಿಗಳಿಲ್ಲ. ಹಿಡಿದು ಬಿಡುವುದರಿಂದ ಮೀನಿಗೆ ನೋವಿಲ್ಲವೆಂದು ಕೆಲವರು ಹೇಳುವರು. ಹುಬ್ಬಿನಲ್ಲಿ ಕೊಕ್ಕೆ ನೆಟ್ಟ ಮಗುವಿನ ಮುಖವನ್ನು ನೋಡಿದ ಮೇಲೆ ನಾವು ಆ ಮಾತನ್ನು ಆಡಲಾರೆವು. ತಿನ್ನುವವನು ತನಗೆ ಬೇಕಾದ ಒಂದೆರಡನ್ನು ಹಿಡಿದು ಕೂಡಲೇ ಕೊಂದು ಮನೆಗೆ ಒಯ್ಯಲಿ, ಅದು ಪ್ರಾಮಾಣಿಕ. ಬಿಡುವವನು ಕೈಯನ್ನು ಒದ್ದೆ ಮಾಡಿಕೊಂಡು, ನೀರಿನೊಳಗೇ ಕೊಕ್ಕೆ ಬಿಡಿಸಿ, ಮೀನು ತಾನಾಗಿ ಈಜುವವರೆಗೆ ಹಿಡಿದಿದ್ದು ಬಿಡಲಿ. ಚಿತ್ರ ತೆಗೆಯಲೆಂದು ದಡದ ಮೇಲೆ ಒದ್ದಾಡಿಸದಿರಲಿ. ಮನಸ್ಸು ಒಪ್ಪದವನು ಕೊಕ್ಕೆಯನ್ನೇ ಕಟ್ಟದಿರಲಿ.

ನಾವು ಈಗ ಮೂರನೆಯ ಪಂಗಡದವರು. ಎಂಟು ತಿಂಗಳಾದ ಮೇಲೆ ಮೊಮ್ಮಗನು ಮತ್ತೆ ಬಂದು, ತಾನೇ ಅಟ್ಟ ಹತ್ತಿ ಕೋಲನ್ನು ಇಳಿಸಿಕೊಂಡು, “ತಾತ, ಕನ್ನಡಕ ಹಾಕ್ಕೊಂಡು ಹೋಗೋಣ,” ಎಂದನು. ಅವನ ಎಡಹುಬ್ಬಿನಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಕೂದಲು ಬಂದಿಲ್ಲ. ಈಗ ನಾವಿಬ್ಬರೂ ಶಾಲೆಯ ಮೈದಾನದಲ್ಲಿ ನಾಲ್ಕು ಹಳೆಯ ಬಿದಿರು ಮೊರಗಳನ್ನು ದೂರದೂರದಲ್ಲಿ ಇಟ್ಟು, ಉಣ್ಣೆಯ ತುಣುಕನ್ನು ಅವುಗಳೊಳಗೆ ಇಳಿಸುವ ಆಟವಾಡುವೆವು. ಅವನು ನಲವತ್ತು ಅಡಿಯ ಮೊರಕ್ಕೆ ಹತ್ತರಲ್ಲಿ ಏಳು ಸಲ ಇಳಿಸುವನು, ನಮ್ಮದು ನಾಲ್ಕು. ದೊಡ್ಡವನಾದ ಮೇಲೆ ಕೊಕ್ಕೆ ಕಟ್ಟುವನೋ ಬಿಡುವನೋ ಅವನೇ ನಿರ್ಣಯಿಸಿಕೊಳ್ಳಲಿ.

ಪತ್ರ ಬರೆದ ಮಹಾಶಯರು ಕೊಳ್ಳಬೇಕಾದ ಕ್ರಮವನ್ನು ಮತ್ತೊಮ್ಮೆ ಹೇಳುವೆವು: ಮೊದಲು ಎರಡು ಕನ್ನಡಕ, ತಂದೆಗೊಂದು ಮಗನಿಗೊಂದು, ಆಮೇಲೆ ೬ನೆಯ ಸಂಖ್ಯೆಯ ಒಳ್ಳೆಯ ದಾರ, ಅದೇ ಸಂಖ್ಯೆಯ ಸಾಧಾರಣ ಕೋಲು, ಸಾದಾ ರೀಲು, ಎರಡು ಲೀಡರ್, ಒಂದು ಸುರುಳಿ ಟಿಪೆಟ್ಟು, ಒಂದು ಮಾರು ಕೆಂಪು ಉಣ್ಣೆ. ಹುಸಿನೊಣಗಳನ್ನು ಒಂದು ತಿಂಗಳು ಕಳೆದ ಮೇಲೆ, ಹುಡುಗನ ಹಟ ಇನ್ನೂ ಉಳಿದಿದ್ದರೆ, ಕೊಳ್ಳಬಹುದು. ಮೈದಾನಕ್ಕೆ ಅವನೊಬ್ಬನನ್ನೇ ಕಳುಹಿಸದೆ ತಾವೂ ಜೊತೆಗೆ ಹೋಗಬೇಕೆಂದು ನಮ್ಮ ಪ್ರಾರ್ಥನೆ.